ಮಡಚುವ ಸೈಕಲ್ಲು: ಮಡಚಲೆಂದೋ, ತುಳಿಯಲೆಂದೋ?

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಆರೋಗ್ಯ ವಿಷಯಕ ಲೇಖನಗಳಿಗೆ ಎಂದೂ ಕೊರತೆಯಿಲ್ಲ. ವೈದ್ಯಮಿತ್ರರು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ಕುರಿತು ಪ್ರತಿವರ್ಷವೂ ಬರೆಯುತ್ತಾರೆ. ಯಾವ ಲೇಖನವಾದರೂ ಕೊನೆಗೆ ಬಂದು ನಿಲ್ಲುವುದು 'ದಿನವೂ ತಪ್ಪದೆ ವ್ಯಾಯಾಮ ಮಾಡಬೇಕು' ಎಂಬ ಮಾತಿನಲ್ಲಿ. ಆ ಮಾತನ್ನು ಓದಿ, ತಲೆದೂಗಿ, ಪುಟ ತಿರುವಿ ಹಾಕುವವರಲ್ಲಿ ನಾನೂ ಒಬ್ಬನಾಗಿದ್ದೆ. ನಾನು ವೈದ್ಯನಲ್ಲ, ಯಂತ್ರಶಾಸ್ತ್ರವನ್ನು ಓದಿದವನೂ ಅಲ್ಲ. ವಾಣಿಜ್ಯ ಪದವಿ ಪಡೆದು, ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕಿನ ಕುರ್ಚಿಯಲ್ಲಿ ಕುಳಿತು ಲೆಕ್ಕ ನೋಡುತ್ತಿರುವ ಸಾಮಾನ್ಯ ಮನುಷ್ಯ. ಆದರೂ ಸಣ್ಣ ಗಾಲಿಯ ಮಡಚುವ ಸೈಕಲ್ಲಿನ ವಿಷಯದಲ್ಲಿ ಒಂದು ತಪ್ಪು ಮಾಡಿ, ಅದನ್ನು ತಿದ್ದಿಕೊಂಡಿರುವುದರಿಂದ, ನಾಲ್ಕು ಮಾತು ಬರೆಯುವ ಅಧಿಕಾರ ನನಗೂ ಉಂಟೆಂದು ಭಾವಿಸಿದ್ದೇನೆ.

ಮೂರು ವರ್ಷಗಳ ಹಿಂದೆ ನನ್ನ ರಕ್ತದಲ್ಲಿನ ಸಕ್ಕರೆಯ ಅಂಕಿ ಗಡಿಗೆ ಬಂದು ನಿಂತಿತ್ತು. "ನಡೆಯುತ್ತೀರಾ?" ಎಂದು ವೈದ್ಯರು ಕೇಳಿದರು. "ಸಮಯವೆಲ್ಲಿದೆ ಡಾಕ್ಟರೇ" ಎಂದೆ. "ಕಚೇರಿಗೆ ಹೋಗುವುದಕ್ಕೆ ಸಮಯವಿದೆಯಷ್ಟೆ?" ಎಂದು ಅವರು ಮರುಪ್ರಶ್ನೆ ಹಾಕಿದರು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪುಣೆಯ ಕೋಥರೂಡಿನಲ್ಲಿರುವ ನನ್ನ ಮನೆಯಿಂದ ಡೆಕ್ಕನ್ ಕಡೆಯ ನಮ್ಮ ಶಾಖೆಗೆ ಸುಮಾರು ಐದು ಕಿಲೋಮೀಟರು. ಸೈಕಲ್ಲಿನಲ್ಲಿ ನಿಧಾನವಾಗಿ ಹೋದರೂ ಇಪ್ಪತ್ತು ನಿಮಿಷ. ಹೋಗಿಬರುವುದಕ್ಕೆ ನಲವತ್ತು ನಿಮಿಷ. ವಾರದ ಐದು ದಿನಕ್ಕೆ ಇನ್ನೂರು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಅಗತ್ಯವೆಂದು ಹೇಳಿದೆ. ಹೇಗಿದ್ದರೂ ಕಳೆಯಲೇಬೇಕಾದ ದಾರಿಯ ಸಮಯದಿಂದಲೇ ಈ ಕಂತು ತೀರಿ ಐವತ್ತು ನಿಮಿಷ ಉಳಿತಾಯವಾಗುವುದಾದರೆ, ಯಾವ ಲೆಕ್ಕಿಗ ತಾನೆ ಬೇಡವೆಂದಾನು?

ಸೈಕಲ್ಲೇ ಬೇಕೆಂದಾದ ಮೇಲೆ ಮಡಚುವ ಸೈಕಲ್ಲೇ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಊರಿನಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅಲ್ಲಿ ಪಡಸಾಲೆಯ ಗೋಡೆಗೆ ಸೈಕಲ್ಲನ್ನು ಒರಗಿಸಿದರೆ ಮುಗಿಯಿತು. ಮಹಾನಗರದಲ್ಲಿ ನಾವು ಗೋಡೆಗಳನ್ನೂ ಚದರಡಿಯ ಲೆಕ್ಕದಲ್ಲಿ ಕೊಳ್ಳುತ್ತೇವೆ. ನಮ್ಮದು ಮೂರನೆಯ ಮಹಡಿಯ ಮನೆ. ಕೆಳಗಿನ ಜಾಗವೆಲ್ಲ ಸ್ಕೂಟರುಗಳಿಗೂ ಕಾರುಗಳಿಗೂ ಮೀಸಲು. ಅಲ್ಲೇ ಕಂಬಕ್ಕೆ ಬೀಗ ಹಾಕಿ ನಿಲ್ಲಿಸಿದ್ದ ಮಗನ ಸೈಕಲ್ಲು ಒಂದು ಬೆಳಿಗ್ಗೆ ಬೀಗದೊಡನೆ ಮಾಯವಾಗಿತ್ತು. ಶಾಖೆಯ ಮುಂದೆಯೂ ಅದೇ ಸ್ಥಿತಿ. ಜೊತೆಗೆ ನಮ್ಮಂಥವರಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯೆಂಬುದೊಂದು ಇದ್ದೇ ಇದೆ. ಆದುದರಿಂದ, ಮಡಚಿ ಮೇಜಿನ ಕೆಳಗಿಡಬಹುದಾದ, ಲಿಫ್ಟಿನಲ್ಲಿ ಹಿಡಿಸುವಂಥ ಸೈಕಲ್ಲೇ ಸರಿಯೆಂದು ನಿರ್ಧರಿಸಿದೆ. ಈ ನಿರ್ಧಾರದಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ಆಮೇಲೆ.

ಅಂಗಡಿಯಲ್ಲಿ ಮಾರಾಟಗಾರ ತರುಣ ಹದಿನಾರು ಇಂಚಿನ ಗಾಲಿಯ ಪುಟ್ಟ ಸೈಕಲ್ಲೊಂದನ್ನು ನನ್ನ ಕಣ್ಣೆದುರಿಗೇ ಹದಿನೈದು ಸೆಕೆಂಡುಗಳಲ್ಲಿ ಮಡಚಿ, ಮತ್ತೆ ಹದಿನೈದು ಸೆಕೆಂಡುಗಳಲ್ಲಿ ಬಿಡಿಸಿ ತೋರಿಸಿದ. ಅದೊಂದು ಜಾದೂ. ನಾನು ಅಂಗಡಿಯ ನುಣುಪು ನೆಲದ ಮೇಲೆ ಎರಡು ಸುತ್ತು ಹೊಡೆದು, 14,500 ರೂಪಾಯಿ ಎಣಿಸಿಕೊಟ್ಟು ಮನೆಗೆ ತಂದೆ. ಸಾಲ ಕೇಳಿಬಂದವರ ಕಾಗದಪತ್ರಗಳನ್ನು ಹಿಂದುಮುಂದು ತಿರುವಿ ನೋಡುವ ನಾನು, ನನ್ನದೇ ಹಣಕ್ಕೆ ಅಷ್ಟು ಎಚ್ಚರ ವಹಿಸಲಿಲ್ಲ. ಮೊದಲ ವಾರ ಉತ್ಸಾಹವಿತ್ತು. ಎರಡನೆಯ ವಾರ ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯತೊಡಗಿದವು. ಕೌಂಟರಿನಲ್ಲಿ ಸಹಿ ಮಾಡುವಾಗ ಪೆನ್ನು ಹಿಡಿತಕ್ಕೆ ಬರುತ್ತಿರಲಿಲ್ಲ. ಮೂರನೆಯ ವಾರ ಸೊಂಟ. ಎರಡು ತಿಂಗಳಾಗುವಷ್ಟರಲ್ಲಿ ಆ ಸೈಕಲ್ಲು ಬಾಲ್ಕನಿಯಲ್ಲಿ ಟವೆಲು ಒಣಗಿಸುವ ಸಾಧನವಾಗಿತ್ತು. "ವ್ಯಾಯಾಮ ಚೆನ್ನಾಗಿ ನಡೆದಿದೆ" ಎಂದು ಮನೆಯಾಕೆ ನಕ್ಕಳು.

ಆ ದೀಪಾವಳಿಗೆ ನಮ್ಮ ತಂದೆಯವರು ಗದಗಿನಿಂದ ಬಂದರು. ಅವರು ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದವರು. 28 ಇಂಚಿನ ಕರಿಯ ಸೈಕಲ್ಲಿನ ಮೇಲೆ ಮೂವತ್ತು ವರ್ಷ ಕಚ್ಚಾರಸ್ತೆ ತುಳಿದವರು. ಬಾಲ್ಕನಿಯ ಪುಟ್ಟ ಸೈಕಲ್ಲನ್ನು ಕಂಡು, "ಇದು ಹುಡುಗೂರದ್ದಲ್ಲೇನಪಾ?" ಎಂದರು. ಆಮೇಲೆ ಬಗ್ಗಿ ಹೆಬ್ಬೆರಳಿನಿಂದ ಟೈರನ್ನು ಒತ್ತಿ ನೋಡಿದರು. "ಗಾಳಿ ಭಾಳ ಬಿಗಿ ಹೊಡಿಸೀದಿ. ಟೈರೂ ಸಣ್ಣದೈತಿ. ಕಲ್ಲಿನ ಮ್ಯಾಲೆ ಕಲ್ಲು ಉರುಳಿಸಿದಂಗ ಆಗತೈತಿ ಇದು" ಎಂದರು. ಸೈಕಲ್ಲಿನ ಹಿತದ ಬಗ್ಗೆ ಆನಂತರ ನಾನು ಓದಿ ತಿಳಿದುದೆಲ್ಲ ಅವರ ಆ ಒಂದು ಮಾತಿಗೆ ಭಾಷ್ಯ ಬರೆದಂತಿದೆ.

ಗಾಲಿ ಸಣ್ಣದಾದರೆ ಏನಾಗುತ್ತದೆಂಬುದನ್ನು ಶಾಲೆಯ ರೇಖಾಗಣಿತದಿಂದಲೇ ತಿಳಿಯಬಹುದು. ರಸ್ತೆಯಲ್ಲಿ 20 ಸೆಂಟಿಮೀಟರ್ ಅಗಲದ ಒಂದು ಗುಂಡಿ ಇದೆಯೆನ್ನೋಣ. ಹಳೆಯ 28 ಇಂಚಿನ ಸೈಕಲ್ಲಿನ ಗಾಲಿ ಆ ಗುಂಡಿಯೊಳಗೆ ಸುಮಾರು 1.4 ಸೆಂ.ಮೀ. ಇಳಿಯುತ್ತದೆ. ಇಪ್ಪತ್ತು ಇಂಚಿನ ಗಾಲಿ 2.1 ಸೆಂ.ಮೀ., ಹದಿನಾರು ಇಂಚಿನದು 2.5 ಸೆಂ.ಮೀ. ಇಳಿಯುತ್ತವೆ. ಇಳಿದಷ್ಟನ್ನೂ ಮರುಕ್ಷಣವೇ ಏರಬೇಕು. ಆ ಏರಿನ ಪೆಟ್ಟು ಹ್ಯಾಂಡಲಿನ ಮೂಲಕ ಅಂಗೈಗೂ, ಸೀಟಿನ ಮೂಲಕ ಬೆನ್ನುಮೂಳೆಗೂ ತಲಪುತ್ತದೆ. ಮುಂಗಾರಿನಲ್ಲಿ ನೀರು ತುಂಬಿ ಆಳ ತಿಳಿಯದ ಗುಂಡಿಗಳ ಮಾತನ್ನಂತೂ ಕೇಳುವುದೇ ಬೇಡ. ಹಾಗೆಂದು ಸಣ್ಣ ಗಾಲಿಯೇ ತ್ಯಾಜ್ಯವೆಂದು ನಾನು ಹೇಳುತ್ತಿಲ್ಲ. ಗಾಲಿ ಚಿಕ್ಕದಾದಷ್ಟೂ ಬೇರೊಂದು ಕಡೆಯಿಂದ ಮೆತ್ತನೆಯ ಆಸರೆ ಒದಗಬೇಕು. ಒದಗದಿದ್ದರೆ ಮೈ ದಂಡ ತೆರಬೇಕಾಗುತ್ತದೆ ಎಂಬುದಷ್ಟೇ ನನ್ನ ವಾದ.

ಈ ಆಸರೆಯ ಕಥೆ ಸ್ವಾರಸ್ಯಕರವಾಗಿದೆ. ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಎಂಬ ಇಂಜಿನಿಯರರು ಮಿನಿ ಕಾರಿಗೆ ರಬ್ಬರಿನ ಆಘಾತಶಮನ ವ್ಯವಸ್ಥೆಯನ್ನು ರೂಪಿಸಿದವರು. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಅವರ ಲಕ್ಷ್ಯ ಸೈಕಲ್ಲಿನತ್ತ ಹೊರಳಿತು. 1962ರಲ್ಲಿ ಅವರು ಹದಿನಾರು ಇಂಚಿನ ಗಾಲಿಗಳ ಸೈಕಲ್ಲನ್ನು ಹೊರತಂದರು. ಅದರ ಟೈರುಗಳು ಕಿರಿದು, ಗಾಳಿ ಬಿಗಿ. ಆದರೆ ಹಿಂದೆಯೂ ಮುಂದೆಯೂ ಪೆಟ್ಟು ನುಂಗುವ ವ್ಯವಸ್ಥೆಯಿತ್ತು. ಹಗುರವಾಗಿ ಓಡುವ ಗುಣ ಟೈರಿನಿಂದ, ಹಿತ ರಬ್ಬರಿನಿಂದ ಎಂಬ ವಿಭಜನೆ ಅದು. ಅದಕ್ಕೆ ಉತ್ತರವಾಗಿ ರ‍್ಯಾಲೆ ಕಂಪನಿ 1965ರಲ್ಲಿ ತನ್ನದೇ ಸಣ್ಣ ಗಾಲಿಯ ಸೈಕಲ್ಲನ್ನು ಮಾರುಕಟ್ಟೆಗೆ ಬಿಟ್ಟಿತು. ಅದರಲ್ಲಿ ಸ್ಪ್ರಿಂಗೂ ಇಲ್ಲ, ರಬ್ಬರೂ ಇಲ್ಲ. ದಪ್ಪ ಟೈರಿನೊಳಗೆ ಕಡಿಮೆ ಒತ್ತಡದ ಗಾಳಿ. ಕುಳಿತರೆ ಮೆತ್ತಗೆ, ತುಳಿದರೆ ಭಾರ. ಎರಡು ವರ್ಷಗಳಲ್ಲಿ, 1967ರಲ್ಲಿ, ರ‍್ಯಾಲೆ ಕಂಪನಿಯೇ ಮೌಲ್ಟನ್ನರ ಸೈಕಲ್ ಉದ್ಯಮವನ್ನು ಕೊಂಡುಕೊಂಡಿತು. ಹಿತವೂ ಹಗುರತನವೂ ಒಂದೇ ಖಾತೆಯ ಜಮಾ-ಖರ್ಚಿನಂತೆ. ಒಂದನ್ನು ಮರೆತು ಇನ್ನೊಂದನ್ನು ಬೆಳೆಸಲು ಬರುವುದಿಲ್ಲ.

ನಮ್ಮ ರಸ್ತೆಗಳಿಗೂ ನಮ್ಮ ಜೇಬಿಗೂ ಹೊಂದುವ ಮಧ್ಯಮ ಮಾರ್ಗವೊಂದಿದೆ: ಇಪ್ಪತ್ತು ಇಂಚಿನ ಗಾಲಿ, ಅಗಲವಾದ ಟೈರು, ಮಿತವಾದ ಗಾಳಿ. ಟೈರಿನ ಪಕ್ಕದಲ್ಲಿ '47-406' ಎಂಬಂಥ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. ಇಪ್ಪತ್ತು ಇಂಚು ಎಂದು ಮಾರುವ ಗಾಲಿಗಳಲ್ಲಿ 406 ಮತ್ತು 451 ಎಂಬ ಎರಡು ಅಳತೆಗಳುಂಟು. ಒಂದರ ಟೈರು ಇನ್ನೊಂದಕ್ಕೆ ಹಿಡಿಯದು. ಅಗಲದ ಟೈರುಗಳು ಹೇರಳವಾಗಿರುವುದು 406ರ ಅಳತೆಯಲ್ಲಿ. ಆದುದರಿಂದ ಕೊಳ್ಳುವ ಮುನ್ನ ಈ ಸಂಖ್ಯೆಯನ್ನು ಕಣ್ಣಾರೆ ಓದತಕ್ಕದ್ದು. ಅಗಲ 40ಕ್ಕಿಂತ ಕಡಿಮೆಯಿದ್ದರೆ, ಫ್ರೇಮಿನಲ್ಲಿಯೂ ಮಡ್‌ಗಾರ್ಡಿನಲ್ಲಿಯೂ ಹೆಚ್ಚು ಅಗಲದ ಟೈರಿಗೆ ಎಡೆಯಿದೆಯೇ ಎಂದು ವಿಚಾರಿಸಬೇಕು.

ಗಾಳಿಯ ವಿಷಯದಲ್ಲಿ ನಮ್ಮಲ್ಲೊಂದು ಮೂಢನಂಬಿಕೆಯಿದೆ. ಕಲ್ಲಿನಂತೆ ಬಿಗಿಯಾದರೆ ಮಾತ್ರ ಸರಿಯಾದ ಗಾಳಿ ಎಂದು. ಟೈರಿನ ಮೇಲೆ ಅಚ್ಚಾಗಿರುವ ಗರಿಷ್ಠ ಅಂಕಿಯನ್ನು ಮೀರಬಾರದೆಂಬುದು ನಿಜ. ಅಷ್ಟನ್ನೂ ತುಂಬಲೇಬೇಕೆಂದು ಅದರ ಅರ್ಥವಲ್ಲ. ಸವಾರ ಕುಳಿತಾಗ ಟೈರು ತನ್ನ ಎತ್ತರದ ಸುಮಾರು ಶೇಕಡಾ 15ರಷ್ಟು ಕುಗ್ಗಿದರೆ ಹಿತಕ್ಕೂ ವೇಗಕ್ಕೂ ಒಳ್ಳೆಯ ಹೊಂದಾಣಿಕೆಯೆಂದು ಬಲ್ಲವರು ಹೇಳುತ್ತಾರೆ. 74 ಕಿಲೋ ತೂಗುವ ನಾನು 47 ಮಿಲಿಮೀಟರಿನ ಟೈರಿಗೆ ಹಿಂದೆ 45 ಪೌಂಡು, ಮುಂದೆ 35 ಪೌಂಡು ಇಡುತ್ತೇನೆ. ಕಿರಿದಾದ ಟೈರಿನಲ್ಲಿ ಹೀಗೆ ಗಾಳಿ ಇಳಿಸಲು ಬಾರದು. ಇಳಿಸಿದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಅಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ತಂದೆಯವರ ಮಾತಿನಂತೆ ಹಳೆಯ ಸೈಕಲ್ಲಿನ ಗಾಳಿ ಇಳಿಸಿ ನೋಡಿ, ಈ ಪಾಠವನ್ನು ಒಂದೇ ವಾರದಲ್ಲಿ ಎರಡು ಪಂಕ್ಚರುಗಳ ದರದಲ್ಲಿ ಕಲಿತೆ. ಕೊನೆಗೆ ಅದನ್ನು ಆರು ಸಾವಿರಕ್ಕೆ ಮಾರಿ, 8,500 ರೂಪಾಯಿಯ ನಷ್ಟವನ್ನು ಶಿಕ್ಷಣದ ಬಾಬ್ತಿಗೆ ಬರೆದುಕೊಂಡೆ.

ಟೈರಿನ ನಂತರದ ಸ್ಥಾನ ಕೂರುವ ಭಂಗಿಗೆ. ಸಣ್ಣ ಗಾಲಿಯೆಂದರೆ ಗಿಡ್ಡ ಸೈಕಲ್ಲು ಎಂದೇನೂ ಅಲ್ಲ. ಇಪ್ಪತ್ತು ಇಂಚಿನ ಒಳ್ಳೆಯ ಸೈಕಲ್ಲುಗಳಲ್ಲಿ ಎರಡು ಗಾಲಿಗಳ ಅಚ್ಚುಗಳ ನಡುವಿನ ದೂರ ಸುಮಾರು ಒಂದು ಮೀಟರು, ಅಂದರೆ ದೊಡ್ಡ ಸೈಕಲ್ಲಿನಷ್ಟೇ, ಇರುತ್ತದೆ. ಈ ದೂರ ಕಡಿಮೆಯಾದಷ್ಟೂ ಸೈಕಲ್ಲು ಚಂಚಲ. ಸವಾರನೂ ಮುದುಡಿ ಕೂರಬೇಕು. ಪೆಡಲು ತೀರ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಸೀಟಿನ ಎತ್ತರಕ್ಕೆ ಇದೇ ಸುಲಭದ ಅಳತೆ. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಸೀಟು ತಗ್ಗಿದ್ದರೆ ಮಂಡಿಗೆ ಸಂಕಟ. ಹ್ಯಾಂಡಲು ತೀರ ತಗ್ಗಾಗಿಯೋ ದೂರವಾಗಿಯೋ ಇದ್ದರೆ ದೇಹದ ಭಾರವೆಲ್ಲ ಅಂಗೈಯ ಮೇಲೆ ಬಿದ್ದು ಅಲ್ಲಿಯ ನರ ಒತ್ತಿ, ಕಿರುಬೆರಳ ಕಡೆ ಜೋಮು ಹಿಡಿಯುತ್ತದೆ. ನನಗಾದುದು ಇದೇ. ನಲವತ್ತು ದಾಟಿದವರಿಗೆ ಹ್ಯಾಂಡಲು ಸೀಟಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದೆರಡು ಇಂಚು ಮೇಲಕ್ಕೆ ಇರುವುದು ಕ್ಷೇಮ. ಸೀಟು ಅಂಗಡಿಯಲ್ಲಿ ಎಷ್ಟು ಮೆತ್ತಗಿದೆ ಎಂಬುದು ಮುಖ್ಯವಲ್ಲ. ಕುಳಿತಾಗ ಎರಡೂ ಬದಿಯ ಎಲುಬುಗಳಿಗೆ ಆಧಾರ ಸಿಗುವಷ್ಟು ಅಗಲವಿರಬೇಕು. ಸೀಟನ್ನು ಬದಲಿಸಬಹುದು, ಫ್ರೇಮಿನ ಉದ್ದವನ್ನು ಬದಲಿಸಲಾಗದು.

'ಸಣ್ಣ ಗಾಲಿಯಾದರೆ ಹೆಚ್ಚು ತುಳಿಯಬೇಕಲ್ಲವೇ?' ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಒಮ್ಮೆ ಪೆಡಲು ಸುತ್ತಿದರೆ ಸೈಕಲ್ಲು ಎಷ್ಟು ದೂರ ಸಾಗುತ್ತದೆಂಬುದು ಗಾಲಿಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಚೈನು ಸುತ್ತುವ ಹಲ್ಲುಚಕ್ರಗಳೂ ಅದರಲ್ಲಿ ಪಾಲುದಾರರು. ಮುಂದೆ 44, ಹಿಂದೆ 18 ಹಲ್ಲುಗಳ 28 ಇಂಚಿನ ಸೈಕಲ್ಲು ಒಂದು ಸುತ್ತಿಗೆ ಸುಮಾರು 5.5 ಮೀಟರು ಸಾಗುತ್ತದೆ. ಮುಂದೆ 52, ಹಿಂದೆ 15 ಹಲ್ಲುಗಳ ಇಪ್ಪತ್ತು ಇಂಚಿನದು ಸುಮಾರು 5.4 ಮೀಟರು. ವ್ಯತ್ಯಾಸ ಎಲ್ಲಿದೆ? ಹಲ್ಲುಗಳನ್ನು ಎಣಿಸಿ ನೋಡಿದರೆ ಈ ಸಂಶಯ ಅಂಗಡಿಯಲ್ಲೇ ಪರಿಹಾರವಾಗುತ್ತದೆ.

ಇನ್ನು ಮುಂದಿನ ಗಾಲಿಗೆ ಸ್ಪ್ರಿಂಗು ಇರುವ ಅಗ್ಗದ ಸೈಕಲ್ಲುಗಳು. ಮೌಲ್ಟನ್ನರ ರಬ್ಬರಿಗೂ ಇದಕ್ಕೂ ಹೋಲಿಕೆ ಸಲ್ಲದು. ತೂಕ ಹೆಚ್ಚುತ್ತದೆ, ತುಳಿದ ಶಕ್ತಿಯ ಒಂದು ಭಾಗ ಕುಣಿತಕ್ಕೆ ವ್ಯಯವಾಗುತ್ತದೆ. ಅದೇ ಹಣವನ್ನು ಒಳ್ಳೆಯ ಟೈರುಗಳಿಗೆ ಹಾಕುವುದು ಲಾಭದಾಯಕ. ಕೀಲುಗಳ ಪರೀಕ್ಷೆಯನ್ನು ಮಾತ್ರ ಮರೆಯಬಾರದು. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದಾಗ ಫ್ರೇಮಿನ ಕೀಲಾಗಲಿ, ಹ್ಯಾಂಡಲಿನ ಕೀಲಾಗಲಿ ಸಡಿಲಾಡಿದರೆ ಆ ಸೈಕಲ್ಲು ಬೇಡ. ಸೀಟಿನ ಕಂಬವನ್ನು ಅದರ ಮೇಲೆ ಗುರುತಿಸಿದ ಗೆರೆಗಿಂತ ಹೆಚ್ಚು ಹೊರಗೆಳೆಯಬಾರದು. ತಯಾರಕರು ಸೂಚಿಸಿದ ಭಾರದ ಮಿತಿಯನ್ನು ಸಂಕೋಚವಿಲ್ಲದೆ ತಮ್ಮ ತೂಕದೊಡನೆ ಹೋಲಿಸಿ ನೋಡಬೇಕು.

ಹಾಗಾದರೆ ಮಡಚುವ ಚಾತುರ್ಯಕ್ಕೆ ಬೆಲೆಯೇ ಇಲ್ಲವೇ? ಇದೆ. ಲಂಡನ್ನಿನ ಆಂಡ್ರ್ಯೂ ರಿಚಿಯವರು 1975ರಲ್ಲಿ ರೂಪಿಸಲಾರಂಭಿಸಿದ ಬ್ರಾಂಪ್ಟನ್ ಸೈಕಲ್ಲು ಹದಿನಾರು ಇಂಚಿನ ಗಾಲಿಯದೇ. ಮಡಚಿದಾಗ ಸೂಟ್‌ಕೇಸಿನಷ್ಟಾಗುವ ಅದರ ಹಿಂಗಾಲಿಗೂ ಫ್ರೇಮಿಗೂ ನಡುವೆ ಪೆಟ್ಟು ನುಂಗುವ ರಬ್ಬರಿನ ತುಂಡೊಂದಿದೆ. ದಿನವೂ ಎರಡು ಸಲ ಗಾಡಿ ಹತ್ತಿಳಿಯುವವರಿಗೆ ಅಂಥದೇ ಉಚಿತ. ಬೆಂಗಳೂರಿನ 'ನಮ್ಮ ಮೆಟ್ರೊ'ದಲ್ಲಿ ಅಳತೆ-ತೂಕಗಳ ಮಿತಿಗೊಳಪಟ್ಟು ಮಡಚುವ ಸೈಕಲ್ಲುಗಳಿಗೆ 2020ರಲ್ಲಿ ಅನುಮತಿ ದೊರೆತಾಗ ನಮ್ಮವರು ಇಂಥ ಸೈಕಲ್ಲುಗಳನ್ನು ವಿಚಾರಿಸತೊಡಗಿದುದು ಸಹಜವೇ. ಆದರೆ ನನ್ನಂತೆ ಮನೆಯಿಂದ ಶಾಖೆಯವರೆಗೆ ನೇರವಾಗಿ ತುಳಿಯುವವನು ದಿನಕ್ಕೆ ಸೈಕಲ್ಲನ್ನು ಮಡಚುವುದು ಎರಡು ಸಲ, ತಲಾ ಅರ್ಧ ನಿಮಿಷ. ತುಳಿಯುವುದು ನಲವತ್ತು ನಿಮಿಷ. ಒಂದು ನಿಮಿಷದ ಅನುಕೂಲಕ್ಕಾಗಿ ನಲವತ್ತು ನಿಮಿಷದ ಹಿತವನ್ನು ಒತ್ತೆಯಿಡುವುದು ಜಾಣತನವಲ್ಲ. ಅವರವರು ಇಡಬೇಕಾದ ಜಾಗವನ್ನು ಮೊದಲು ಅಳೆಯಲಿ. ಆ ಜಾಗಕ್ಕೆ ಹಿಡಿಸುವ ಸೈಕಲ್ಲುಗಳ ಪೈಕಿ ಅತ್ಯಂತ ಚಿಕ್ಕದನ್ನಲ್ಲ, ತುಳಿಯಲು ಅತ್ಯಂತ ಹಿತವಾದುದನ್ನು ಆರಿಸಲಿ. ಇದೇ ನನ್ನ ಖಚಿತ ಅಭಿಪ್ರಾಯ.

ಕೆಲವು ಮಿತ್ರರು ಈ ರಗಳೆಯೇ ಬೇಡ, ಸಾಮಾನ್ಯ ಸೈಕಲ್ಲು ಕೊಳ್ಳಿ ಎನ್ನುತ್ತಾರೆ. ನೆಲಮಹಡಿಯಲ್ಲಿ ಬೀಗದೊಳಗಿನ ಜಾಗವಿರುವ ಭಾಗ್ಯವಂತರಿಗೆ ಅವರ ಮಾತು ಸರಿ. ಅಷ್ಟೇ ಬೆಲೆಗೆ ಅವರಿಗೆ ಹೆಚ್ಚು ಹಗುರವಾದ, ಗುಂಡಿಗಳಿಗೆ ಅಂಜದ ಸೈಕಲ್ಲು ದೊರೆಯುತ್ತದೆ. ಮಡಚುವ ಸೈಕಲ್ಲು ಜಾಗವಿಲ್ಲದವರ ರಾಜಿಸೂತ್ರ. ರಾಜಿ ಮಾಡಿಕೊಳ್ಳುವಾಗ ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ಕೊಡಬಾರದು ಎಂಬ ತಿಳಿವಳಿಕೆ ಬೇಕು.

ಎರಡನೆಯ ಸಲ ನಾನು ಅಂಗಡಿಗೆ ಹೋಗುವ ಮೊದಲು ಸಹೋದ್ಯೋಗಿಯೊಬ್ಬರ ಇಪ್ಪತ್ತು ಇಂಚಿನ ಸೈಕಲ್ಲನ್ನು ಒಂದು ಭಾನುವಾರದ ಮಟ್ಟಿಗೆ ಕಡ ತಂದೆ. ನನ್ನ ಶಾಖೆಯ ದಾರಿಯಲ್ಲೇ ಹೋಗಿಬಂದೆ. ಅವೇ ಗುಂಡಿಗಳು, ಅವೇ ಉಬ್ಬುಗಳು. ಬೆರಳುಗಳಲ್ಲಿ ಜೋಮಿಲ್ಲ. ಮನೆಗೆ ಬಂದು ಮಡಚಿ, ಲಿಫ್ಟಿನಲ್ಲಿ ಇಟ್ಟು ನೋಡಿದೆ. ಕರೆಂಟು ಹೋದಾಗಿನ ಪಾಡು ತಿಳಿಯಲೆಂದು ಮೂರು ಮಹಡಿಯನ್ನೂ ಹೊತ್ತು ಹತ್ತಿದೆ. ಹನ್ನೆರಡು ಕಿಲೋ ತೂಕ, ಏದುಸಿರು ಬಂತು, ಆದರೆ ಸಾಧ್ಯವಾಯಿತು. ಆಮೇಲೆಯೇ ಅಂಥದೊಂದನ್ನು ಕೊಂಡದ್ದು. ಈಗ ಮಳೆಗಾಲದ ದಿನಗಳನ್ನು ಬಿಟ್ಟರೆ ವಾರಕ್ಕೆ ನಾಲ್ಕೈದು ದಿನ ಅದರಲ್ಲೇ ಹೋಗುತ್ತೇನೆ. ಸಕ್ಕರೆಯ ಅಂಕಿ ಗಡಿಯಿಂದ ಹಿಂದೆ ಸರಿದಿದೆ. ಅನ್ನವನ್ನೂ ಕಡಿಮೆ ಮಾಡಿರುವುದರಿಂದ ಪೂರ್ತಿ ಶ್ರೇಯಸ್ಸನ್ನು ಸೈಕಲ್ಲಿನ ಖಾತೆಗೆ ಜಮಾ ಮಾಡಲಾರೆ. ಮರುವರ್ಷ ತಂದೆಯವರು ಬಂದಾಗ ಮತ್ತೆ ಹೆಬ್ಬೆರಳಿಟ್ಟು ಒತ್ತಿ ನೋಡಿದರು. "ಈಗ ಬರೋಬ್ಬರಿ ಐತಿ" ಎಂದರು.

ಕೊನೆಯದಾಗಿ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಸೂಚನೆ. ಅಂಗಡಿಯ ನೆಲದ ಮೇಲೆ ಎರಡು ಸುತ್ತು ಹೊಡೆದು ಸೈಕಲ್ಲಿನ ಗುಣ ತಿಳಿಯುವುದು ಸಾಧ್ಯವಿಲ್ಲ. ಕನಿಷ್ಠ ಅರ್ಧ ಗಂಟೆ ನಿಜವಾದ ರಸ್ತೆಯಲ್ಲಿ ತುಳಿಯಬೇಕು. ಆ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ನಮ್ಮ ಸದಸ್ಯರಲ್ಲಿ ಮಡಚುವ ಸೈಕಲ್ಲು ಉಳ್ಳವರು ಐದಾರು ಮಂದಿಯಾದರೂ ಇದ್ದಾರೆ. ರಾಜ್ಯೋತ್ಸವದ ತಿಂಗಳಿನ ಒಂದು ಭಾನುವಾರ ಬೆಳಿಗ್ಗೆ ಅವರೆಲ್ಲ ತಮ್ಮ ಸೈಕಲ್ಲುಗಳನ್ನು ಸಂಘದ ಅಂಗಳಕ್ಕೆ ತಂದು, ಕೊಳ್ಳಬಯಸುವವರಿಗೆ ತಲಾ ಅರ್ಧ ಗಂಟೆ ಓಡಿಸಲು ಕೊಟ್ಟರೆ, ಹಲವರ ಹಣವೂ ಅಂಗೈಯೂ ಉಳಿದಾವು. ಹೆಲ್ಮೆಟ್ ಮಾತ್ರ ಅವರವರೇ ತರಲಿ. ನನ್ನ ಸೈಕಲ್ಲು ಅಂದು ಏಳು ಗಂಟೆಗೇ ಅಲ್ಲಿರುತ್ತದೆ. ಪಂಪನ್ನೂ ಗಾಳಿಯ ಒತ್ತಡ ನೋಡುವ ಮಾಪಕವನ್ನೂ ನಾನೇ ತರುತ್ತೇನೆ.